ಬೈದು ಸುಮ್ಮನಾಗೋದಲ್ಲ, ಲೆಕ್ಕ ಕೇಳೋದು

1/10

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ಹಿಂದಿನ ಶರಾವತಿ. ಬೆಳಿಗ್ಗೆ ಆರೂವರೆಗೆ ತೆಗೆದಿದ್ದು, ಫಿಲ್ಟರ್ ಹಾಕಿಲ್ಲ.

ಈ ಸಲದ ಸರಣಿ ಉದ್ದ ಇದೆ, ಹತ್ತು ಪೋಸ್ಟ್. ಈಗ ಟೈಮಿಲ್ಲ ಅಂದ್ರೆ ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

ಕಾಲೇಜಲ್ಲಿ ಯಾರಾದ್ರೂ "ಯಾವೂರು?" ಅಂದ್ರೆ "ಮಾವಿನಕುರ್ವೆ" ಅಂತೇನೆ. ತಕ್ಷಣ "ಭಟ್ಕಳದ್ದಾ, ಹೊನ್ನಾವರದ್ದಾ?" ಅಂತ ಇನ್ನೊಂದು ಪ್ರಶ್ನೆ ಬರುತ್ತೆ. ಎರಡೂ ಕಡೆ ಈ ಹೆಸರಿನ ಊರಿದೆ. ನಮ್ಮದು ಹೊನ್ನಾವರದ್ದು. ಶರಾವತಿ ಸಮುದ್ರ ಸೇರೋ ಮೊದಲು ಕವಲಾಗಿ ಹರಿಯೋ ಜಾಗದಲ್ಲಿ ಇರೋ ನೆಲ. ಕುರ್ವೆ ಅಂದ್ರೇ ಹೊಳೆ ನಡುವಿನ ನೆಲ. ಮೇಲೆ ಡ್ಯಾಂ, ಕೆಳಗೆ ಸಮುದ್ರ, ಮಧ್ಯ ನಾವು.

ಮೊದಲು ನನ್ನದೇ ಒಂದು ತಪ್ಪು ಹೇಳ್ಬೇಕು. ಕಳೆದ ಮಳೆಗಾಲದ ಒಂದು ರಾತ್ರಿ, ಹತ್ತೂವರೆ ಆಗಿತ್ತು. ಜೋರು ಮಳೆ, ಕರೆಂಟ್ ಇಲ್ಲ. ವಾಟ್ಸಾಪಲ್ಲಿ ಒಂದು ವಾಯ್ಸ್ ನೋಟ್ ಬಂತು. ಯಾರೋ ಗಂಡಸಿನ ಧ್ವನಿ: ಡ್ಯಾಂ ಗೇಟ್ ಎಲ್ಲಾ ಒಟ್ಟಿಗೆ ತೆಗೆದಿದ್ದಾರೆ, ಬೆಳಗಾಗೋದ್ರೊಳಗೆ ಕೆಳಗಿನ ಊರೆಲ್ಲ ಮುಳುಗುತ್ತೆ, ಗೊತ್ತಿದ್ದೂ ಹೇಳ್ತಿಲ್ಲ.

ಆ "ಗೊತ್ತಿದ್ದೂ ಹೇಳ್ತಿಲ್ಲ" ಅನ್ನೋ ಮಾತು ನನಗೆ ಸಾಕಾಯ್ತು. ಧ್ವನಿ ಯಾರದ್ದು ಅಂತ ನೋಡಲಿಲ್ಲ, ಯಾವತ್ತಿಂದು ಅಂತ ನೋಡಲಿಲ್ಲ. ಕೆಳಗೆ ನನ್ನದೇ ಒಂದು ಸಾಲು ಸೇರಿಸಿದೆ: "ದೊಡ್ಡವರು ಯಾವತ್ತೂ ನಮಗೆ ನಿಜ ಹೇಳಲ್ಲ. ಎಲ್ಲರಿಗೂ ಕಳಿಸಿ." ನಾಲ್ಕು ಗ್ರೂಪಿಗೆ ಕಳಿಸಿದೆ.

2/10

ಅರ್ಧ ಗಂಟೇಲಿ ನಮ್ಮ ಕೇರಿಯ ಅರ್ಧ ಜನ ಎದ್ದು ಕೂತ್ರು. ಅಕ್ಕಿ ಚೀಲ ಅಟ್ಟಕ್ಕೆ ಹೋಯ್ತು. ದನ ಬಿಚ್ಚಿದ್ರು. ಸಣ್ಣ ಮಗು ಇದ್ದವರು ಮಗೂನ ಸೀರೆಯಲ್ಲಿ ಸುತ್ತಿಕೊಂಡು ನೆಂಟರ ಮನೆಗೆ ಹೊರಟ್ರು. ನಮ್ಮಜ್ಜೀನ ಎತ್ತರದ ಮನೆಗೆ ಕರ್ಕೊಂಡು ಹೋಗುವಾಗ ಪಾಗಾರದ ಹತ್ತಿರ ಕಾಲು ಜಾರಿ ಬಿದ್ರು. ಕೈ ಊರಿದ್ದಕ್ಕೆ ಮಣಿಕಟ್ಟಿನ ಎಲುಬು ಮುರೀತು.

ನೀರು ಬರಲಿಲ್ಲ. ಆ ವಾಯ್ಸ್ ನೋಟ್ ಹಳೇದು, ಬೇರೆ ಯಾವುದೋ ವರ್ಷದ್ದು ಅಂತ ಮರುದಿನ ಗೊತ್ತಾಯ್ತು.

ಅಜ್ಜಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿ ಇಟ್ಕೊಂಡು ಒಂದೇ ಮಾತು ಕೇಳಿದ್ರು: "ಅಲ್ಲ ತಂಗಿ, ನೀನು ಹೊಳೆ ನೋಡಿ ಹೇಳಿದ್ಯಾ, ಮೊಬೈಲ್ ನೋಡಿ ಹೇಳಿದ್ಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹೊಳೆ ಇರೋದು ಹಿತ್ತಲಲ್ಲಿ. ಒಂದು ಟಾರ್ಚ್ ಹಿಡ್ಕೊಂಡು ಹತ್ತು ಹೆಜ್ಜೆ ಹೋಗಿದ್ರೆ ನೀರು ಎಲ್ಲಿದೆ ಅಂತ ಕಾಣ್ತಿತ್ತು. ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಎಷ್ಟು ಅಂತ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ದಿನಾ ಹಾಕುತ್ತೆ, ಅದನ್ನಾದ್ರೂ ನೋಡಬಹುದಿತ್ತು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಅನ್ನೋದು ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ಆ ದಿನ ಎಷ್ಟಿತ್ತು ಅಂತ ನಾನು ನೋಡಲಿಲ್ಲ.

ನಾನು ಅಪನಂಬಿಕೆ ಪಟ್ಟಿದ್ದು ದೊಡ್ಡವರ ಮೇಲೆ. ಕೈ ಮುರಿದಿದ್ದು ನಮ್ಮಜ್ಜಿದು. ಈ ಸರಣಿ ಅದರ ಬಗ್ಗೆ.

3/10

ಈಗ ನೀವು "ಹಾಗಾದ್ರೆ ದೊಡ್ಡವರನ್ನ ನಂಬು ಅಂತೀಯಾ?" ಅಂತ ಕೇಳಬಹುದು. ಇಲ್ಲ ಮಾರಾಯ್ರೆ. ನಂಬದೇ ಇರೋಕೆ ನಮ್ಮ ಜಿಲ್ಲೆಯವರಿಗೆ ಬೇಕಾದಷ್ಟು ಕಾರಣ ಇದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಬೆಳಕು ಬಂತು, ನಿಜ. ಆದ್ರೆ ಮನೆ, ಗದ್ದೆ ಬಿಟ್ಟುಕೊಟ್ಟವರ ಕುಟುಂಬಗಳ ಭೂಮಿ ಹಕ್ಕಿನ ತಕರಾರು 60 ವರ್ಷ ಕಳೆದ್ರೂ ಪೂರ್ತಿ ಮುಗಿದಿಲ್ಲ. ಬೆಳಕು ಕೊಟ್ಟವರ ಮೊಮ್ಮಕ್ಕಳು ಇನ್ನೂ ಕಚೇರಿ ಮೆಟ್ಟಿಲು ಹತ್ತಿ ಇಳೀತಿದ್ದಾರೆ. ಕಾರವಾರ, ಅಂಕೋಲೆ ಕಡೆ ನೌಕಾನೆಲೆಗಾಗಿ ಸಮುದ್ರ ದಂಡೆ ಬಿಟ್ಟು ಎದ್ದವರ ಮನೆಗಳಲ್ಲಿ ಕೇಳಿ, ಪರಿಹಾರದ ಕಥೆ ಎಷ್ಟು ವರ್ಷ ನಡೀತು ಅಂತ.

ಇಲ್ಲೇ ಹೊಳೆ ಆಚೆ ಕಾಸರಕೋಡ ಟೊಂಕ. ಮೀನು ಒಣಗಿಸೋ ಹೆಂಗಸರು, ದೋಣಿಯವರು, ಕಡಲಾಮೆ ಮೊಟ್ಟೆ ಇಡೋ ಮರಳು, ಎಲ್ಲಾ ಒಂದೇ ದಂಡೆ ಮೇಲೆ. ಆ ಜಾಗದಲ್ಲಿ ಖಾಸಗಿ ಬಂದರು ಬರುತ್ತೆ ಅಂದಾಗಿಂದ ಹತ್ತು ವರ್ಷಕ್ಕೂ ಮೇಲೆ ಅಲ್ಲಿ ಹೋರಾಟ ನಡೀತಾ ಇದೆ. ಹೆಂಗಸರು ಸಮುದ್ರಕ್ಕೆ ಇಳಿದು ಪ್ರತಿಭಟನೆ ಮಾಡಿದ್ದು, ಪೊಲೀಸ್ ಬಂದೋಬಸ್ತು, ನಿಷೇಧಾಜ್ಞೆ, ಎಲ್ಲಾ ನಾವು ನೋಡಿದ್ದೇವೆ. ನಿಮ್ಮಲ್ಲಿ ಎಷ್ಟೋ ಜನ ಸ್ಟೋರಿ ಹಾಕಿದ್ರಿ. ನಾನೂ ಹಾಕಿದ್ದೆ.

ಇದನ್ನೆಲ್ಲ ನೋಡಿ ಬೆಳೆದವರಿಗೆ "ಮೇಲಿನವರು ಹೇಳಿದ್ದೆಲ್ಲ ನಿಜ" ಅಂತ ಅನ್ನಿಸೋದಾದ್ರೂ ಹೇಗೆ? ಕಂಪನಿ, ಮಂತ್ರಿ, ಗುತ್ತಿಗೆದಾರ, ಇವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡೋರು ಅನ್ನೋ ಅನುಮಾನ ನಮ್ಮ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ, ಅನುಭವದಿಂದ ಬಂದಿದ್ದು.

ಆದ್ರೆ ಆ ಅನುಮಾನ ಇಟ್ಕೊಂಡು ನಾವು ಮಾಡೋದೇನು? ನನ್ನ ತಕರಾರು ಇರೋದು ಅಲ್ಲಿ.

4/10

ಕಾಮೆಂಟಲ್ಲಿ ನಾವು ಬರೆಯೋ ಸಾಲು ನಿಮಗೆ ಗೊತ್ತೇ ಇದೆ. "ಎಲ್ಲರೂ ಕಳ್ಳರೇ." "ಎಲ್ಲಾ ಸೆಟ್ಟಿಂಗ್." "ಏನು ಮಾಡಿದ್ರೂ ಅಷ್ಟೇ."

ಇದನ್ನ ಓದಿ ಅತಿ ಹೆಚ್ಚು ಖುಷಿ ಪಡೋದು ನಿಜವಾದ ಕಳ್ಳ. ಯಾಕಂದ್ರೆ ಎಲ್ಲರೂ ಕಳ್ಳರು ಅಂದ್ಮೇಲೆ ಅವನನ್ನೇ ಹಿಡೀಬೇಕು ಅಂತ ಏನಿಲ್ಲ. ಒಳ್ಳೆ ಕೆಲಸ ಮಾಡಿದ ಪಿಡಿಒ, ಮಾಡದ ಪಿಡಿಒ, ಇಬ್ಬರಿಗೂ ಒಂದೇ ಬೈಗುಳ. ಒಳ್ಳೆಯವರಿಗೆ ಬೇಜಾರು, ಕೆಟ್ಟವರಿಗೆ ಧೈರ್ಯ. ಬೈದವರಿಗೆ ಏನೋ ಕೆಲಸ ಮುಗಿಸಿದ ಹಾಗೆ ಸಮಾಧಾನ, ಆಮೇಲೆ ನಿದ್ದೆ.

ಬಿಕಾಂ ಮಕ್ಕಳೇ, ಆಡಿಟಿಂಗ್ ಪೇಪರ್ ನೆನಪು ಮಾಡ್ಕೊಳ್ಳಿ. ಕಿಂಗ್ಸ್‌ಟನ್ ಕಾಟನ್ ಮಿಲ್ ಕೇಸು, 1896. ಇಂಗ್ಲೆಂಡಿನ ಕೋರ್ಟು ಹೇಳಿದ್ದು ನಮಗೆಲ್ಲ ಬಾಯಿಪಾಠ: ಆಡಿಟರ್ ಕಾವಲುನಾಯಿ, ಬೇಟೆನಾಯಿ ಅಲ್ಲ. ಐದು ಮಾರ್ಕ್ಸಿಗೆ ಓದಿ ಮರೆತಿದ್ದೆ. ಅಜ್ಜಿ ಕೈ ನೋಡುವಾಗೆಲ್ಲ ಆ ಸಾಲು ನೆನಪಾಗ್ತಿತ್ತು.

ಆಡಿಟರ್ ಕೆಲಸ ಏನು ಅಂತ ಯೋಚಿಸಿ. ಅವನು ಕಂಪನಿಯನ್ನ ನಂಬೋದಿಲ್ಲ. ನಂಬದೇ ಇರೋಕೇ ಅವನಿಗೆ ಫೀಸು. ಆದ್ರೆ ಅವನು ಆಫೀಸಿಗೆ ಹೋಗಿ "ನೀವೆಲ್ಲ ಕಳ್ಳರು" ಅಂತ ಕೂಗೋದಿಲ್ಲ. "ಈ ಎಂಟ್ರಿಗೆ ವೋಚರ್ ತೋರಿಸಿ" ಅಂತಾನೆ. ತೋರಿಸಿದ್ರೆ ಟಿಕ್ ಹಾಕ್ತಾನೆ. ಇಲ್ಲದಿದ್ರೆ ಕೆಂಪು ಪೆನ್ನಲ್ಲಿ ಬರೀತಾನೆ. ಮುಂದಿನ ವರ್ಷ ಮತ್ತೆ ಬರ್ತಾನೆ. ಅವನಿಗೆ ಸಿಟ್ಟು ಬೇಕಾಗಿಲ್ಲ, ಅವನ ಅಪನಂಬಿಕೆಗೆ ಒಂದು ಪದ್ಧತಿ ಇದೆ ಅಷ್ಟೇ.

ನಮ್ಮಲ್ಲಿ ಇಲ್ಲದಿರೋದು ಈ ಪದ್ಧತಿ. ದೊಡ್ಡವರ ಮೇಲಿನ ಅಪನಂಬಿಕೆ ಬರೀ ಸಿಟ್ಟಾಗಿ ಉಳಿದ್ರೆ ಅವರಿಗೇನೂ ನಷ್ಟ ಇಲ್ಲ, ಮಳೆಗಾಲದ ರಾತ್ರಿ ನನ್ನ ಹಾಗೆ ನಮ್ಮವರಿಗೇ ಪೆಟ್ಟು ಮಾಡ್ತೇವೆ. ಅದನ್ನ ಊರಲ್ಲೇ ಕೂತು ಮಾಡೋ ಒಂದು ಕೆಲಸ ಮಾಡ್ಕೊಂಡ್ರೆ, ಆಗ ಅವರಿಗೆ ಉತ್ತರ ಕೊಡೋ ಪರಿಸ್ಥಿತಿ ಬರುತ್ತೆ.

5/10

ಫೋಟೋದಲ್ಲಿರೋದು ಯಾವುದೋ ಒಂದು ಕಾಂಕ್ರೀಟ್ ರಸ್ತೆ. ಊರ ಹೆಸರು ಬೇಡ, ನಿಮ್ಮೂರಿದೂ ಹೀಗೇ ಕಾಣುತ್ತೆ.

ಇದನ್ನ ನೋಡಿ "ಕಳಪೆ ಕಾಮಗಾರಿ" ಅಂತ ಸ್ಟೋರಿ ಹಾಕೋದು ಸುಲಭ. ಆಡಿಟರ್ ತರ ನೋಡಿದ್ರೆ ಈ ರಸ್ತೆ ಹಿಂದೆ ಒಂದು ಕಡತ ಇದೆ. ಕ್ರಿಯಾಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಇಂಜಿನಿಯರ್ "ಎಂ.ಬಿ." ಅಂತಾರಲ್ಲ, ಅದೇ), ಬಿಲ್ಲು, ಹಣ ಪಾವತಿ. ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಇಂಚು ದಪ್ಪ ಅಂತ ಅಳತೆ ಪುಸ್ತಕದಲ್ಲಿ ಬರೆದಿರ್ತಾರೆ. ನಿಮ್ಮ ಮನೇಲಿ ಟೇಪ್ ಇರುತ್ತೆ. ಮುಂದಿನ ಕೆಲಸ ಏನು ಅಂತ ನಾನು ಹೇಳಬೇಕಾಗಿಲ್ಲ.

ಕಡತ ಕೇಳೋಕೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಕರ್ನಾಟಕದಲ್ಲಿ ಫೀಸು 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಪೋಸ್ಟಿಗಿಂತಲೂ ಸಣ್ಣದು! ಯಾಕೆ ಬೇಕು ಅಂತ ಕಾರಣ ಹೇಳೋ ಅಗತ್ಯ ಇಲ್ಲ. 30 ದಿನದೊಳಗೆ ಉತ್ತರ ಕೊಡ್ಬೇಕು. ಕೊಡದಿದ್ರೆ ಮೊದಲ ಮೇಲ್ಮನವಿ, ಆಮೇಲೂ ಆಗದಿದ್ರೆ ಮಾಹಿತಿ ಆಯೋಗ.

ಒಂದು ಟಿಪ್ಪಣಿ. "ಯಾಕೆ ಕಳಪೆ ಮಾಡಿದ್ರಿ?" ಅಂತ ಅರ್ಜಿ ಬರೀಬೇಡಿ. ಅದು ಜಗಳದ ಮಾತು, ಕಡತದಲ್ಲಿ ಅದಕ್ಕೆ ಉತ್ತರ ಇರೋದಿಲ್ಲ. "ಈ ಕಾಮಗಾರಿಯ ಅಳತೆ ಪುಸ್ತಕದ ನಕಲು ಕೊಡಿ" ಅಂತ ಬರೀರಿ. ಕಾಗದ ಕೇಳಿ, ಕಾರಣ ಆಮೇಲೆ.

ಈ ಕಾಯ್ದೆ ದೆಹಲಿಯವರಿಗೆ ಒಂದು ಬೆಳಿಗ್ಗೆ ಎದ್ದು ಹೊಳೆದಿದ್ದಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಕೊನೆಯಿಂದ ಜನಸುನ್‌ವಾಯಿ ಅಂತ ಶುರು ಮಾಡಿದ್ರು. ಬಯಲಲ್ಲಿ ಜನ ಸೇರಿಸಿ, ಬರಗಾಲದ ಕಾಮಗಾರಿಯ ಹಾಜರಿ ಪಟ್ಟಿಯನ್ನ ಜೋರಾಗಿ ಓದೋದು. ಕೆಲಸಕ್ಕೇ ಬಾರದವರ ಹೆಸರು, ಹಾಜರಿ, ಕೂಲಿ, ಎಲ್ಲಾ ಆಚೆ ಬರ್ತಿತ್ತು. ನಾವು ಕ್ಲಾಸಲ್ಲಿ ಓದೋ ವೋಚಿಂಗ್ ಇದೇ ತಾನೇ? ಕೂಲಿ ಮಾಡೋರು, ಎಷ್ಟೋ ಜನ ಓದು ಬರಹ ಇಲ್ಲದವರು, ಮಾಡಿ ತೋರಿಸಿದ್ರು. ನಾವು ಮೂರು ವರ್ಷ ಡೆಬಿಟ್ ಕ್ರೆಡಿಟ್ ಕಲಿತು ಒಂದು ಪಂಚಾಯ್ತಿ ಲೆಕ್ಕ ಬಿಡಿಸಿ ನೋಡಿಲ್ಲ.

6/10

ಇನ್ನು ಗ್ರಾಮಸಭೆ. "ಅಯ್ಯೋ ಗ್ರಾಮಸಭೆಯಾ" ಅಂತ ಮೂಗು ಮುರೀಬೇಡಿ, ನಾನೂ ಮುರೀತಿದ್ದೆ.

ನಾನು ಮೊದಲ ಸಲ ಹೋಗಿದ್ದು ಚಿಕ್ಕಿ ಊರಿನ ಸಭೆಗೆ. ಎದ್ದು ನಿಂತು, "ಸರ್ಕಾರದಿಂದ ಬಂದ ದುಡ್ಡೆಲ್ಲ ಎಲ್ಲಿ ಹೋಯ್ತು?" ಅಂತ ಕೇಳಿದೆ. ಧ್ವನಿ ನಡುಗ್ತಿತ್ತು, ಆದ್ರೂ ಸಿನಿಮಾ ಹೀರೋಯಿನ್ ತರ ಅನ್ನಿಸಿತ್ತು. ಮುಂದೆ ಕೂತಿದ್ದ ಒಬ್ಬರು ತಣ್ಣಗೆ ಕೇಳಿದ್ರು: "ಯಾವ ದುಡ್ಡು? ಯಾವ ವರ್ಷದ್ದು? ಯಾವ ಯೋಜನೆಯದ್ದು?" ನಾನು ಬಾಯಿ ಮುಚ್ಚಿದೆ. ತಪ್ಪು ನಂದೇ. ಮನೆಪಾಠ ಮಾಡದೆ ವೈವಾಗೆ ಹೋದ ಹಾಗೆ ಹೋಗಿದ್ದೆ.

ಹಾಗಾಗಿ ಸ್ವಲ್ಪ ಮನೆಪಾಠ ನಿಮಗೂ.

ಪಂಚಾಯ್ತಿಗೆ ಬರೋ ಹಣದಲ್ಲಿ ಒಂದು ಮುಖ್ಯ ಮೂಲ ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ (2021–26) ಲೆಕ್ಕದಲ್ಲಿ ಅದರ 60 ಶೇಕಡಾ ಕುಡಿಯೋ ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು. ಉಳಿದ 40 ಶೇಕಡಾ ಊರಿನ ಅಗತ್ಯ ನೋಡಿ ಖರ್ಚು ಮಾಡೋಕೆ ಇತ್ತು. ಯಾವುದಕ್ಕೆ ಎಷ್ಟು ಅಂತ ಇ-ಗ್ರಾಮ್ ಸ್ವರಾಜ್ ಪೋರ್ಟಲಲ್ಲಿ ಊರಿನ ಹೆಸರು ಹಾಕಿ ನೋಡಬಹುದು. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯೂ ಆನ್‌ಲೈನಲ್ಲಿ ಸಿಗುತ್ತೆ. ರೀಲ್ಸ್ ನೋಡೋ ಅದೇ ಮೊಬೈಲಲ್ಲಿ.

ಊರಿನ ಸಭೆಗಳು ಮೂರು. ವಾರ್ಡ್ ಸಭೆ, ಗ್ರಾಮಸಭೆ, ಜಮಾಬಂದಿ. ವಾರ್ಡ್ ಸಭೆಯ ಕೋರಂ ಎಷ್ಟು ಗೊತ್ತಾ? ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಇಪ್ಪತ್ತು! ನಮ್ಮ ಕ್ಲಾಸಿನ ಎರಡು ಸಾಲು ಬೆಂಚು. ಒಂದು ಮದುವೆ ಅರಿಶಿನ ಶಾಸ್ತ್ರಕ್ಕೆ ಇದಕ್ಕಿಂತ ಹೆಚ್ಚು ಜನ ಬರ್ತಾರೆ. ಯಾರ ಮನೆಗೆ ಸೌಲಭ್ಯ, ಯಾವ ಕೇರಿಗೆ ಬೀದಿದೀಪ ಅನ್ನೋ ಪಟ್ಟಿ ಶುರುವಾಗೋದು ಅಲ್ಲಿಂದ.

ಜಮಾಬಂದಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ. ಹಿಂದಿನ ವರ್ಷದ ಜಮಾ-ಖರ್ಚನ್ನ ಜನರ ಮುಂದೆ ಓದಿ, ಕಾಮಗಾರಿ ನೋಡಿ ಬರೋ ದಿನ. ನಮ್ಮ ಆಡಿಟಿಂಗ್ ಪ್ರಾಕ್ಟಿಕಲ್ ಅಂದ್ಕೊಳ್ಳಿ. 18 ಆಗಿ ಮತದಾರರ ಪಟ್ಟಿಯಲ್ಲಿ ಹೆಸರಿದ್ರೆ ನೀವು ಗ್ರಾಮಸಭೆ ಸದಸ್ಯರು. ಯಾರೂ ಕರೀಬೇಕಾಗಿಲ್ಲ.

7/10

"ಪಂಚಾಯ್ತಿ ಲೆಕ್ಕ ಸರಿ, ದೊಡ್ಡ ಕಂಪನಿ ಮುಂದೆ ಇದೆಲ್ಲ ನಡೆಯುತ್ತಾ?" ಇದು ನನ್ನ ಗೆಳತಿ ಕೇಳಿದ ಪ್ರಶ್ನೆ. ಒಳ್ಳೆ ಪ್ರಶ್ನೆ.

ಬಂದರು, ದೊಡ್ಡ ವಿದ್ಯುತ್ ಯೋಜನೆ ತರದ್ದು ಬರುವಾಗ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೀಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ. ಕನಿಷ್ಠ 30 ದಿನ ಮೊದಲು ನೋಟಿಸ್. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಸಭೆಯಲ್ಲಿ ಜನ ಹೇಳಿದ್ದನ್ನ ಬರೆದು ಕೊನೆಗೆ ಅಲ್ಲೇ ಓದಿ ಹೇಳ್ಬೇಕು.

ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಈ ಸಭೆ ಶುರು ಮಾಡೋಕೆ ಕೋರಂ ಬೇಡ. ಅಂದ್ರೆ ಯಾರೂ ಬರದಿದ್ರೂ ಸಭೆ ನಡೀತು ಅಂತಾನೇ ಲೆಕ್ಕ. ಖಾಲಿ ಕುರ್ಚಿಗಳೂ ಕಡತಕ್ಕೆ ಹೋಗ್ತವೆ, "ಆಕ್ಷೇಪ ಬಂದಿಲ್ಲ" ಅಂತ.

2025ರ ಆಗಸ್ಟಲ್ಲಿ ಅಂಕೋಲೆಯಲ್ಲಿ ಕೇಣಿ ಬಂದರಿನ ಅಹವಾಲು ಸಭೆಗೆ ಜನ ತುಂಬಿ ಬಂದ್ರು, ಬೇಡ ಅಂದ್ರು. ಸೆಪ್ಟೆಂಬರಲ್ಲಿ ನಮ್ಮದೇ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಭೆ. 2000 ಮೆಗಾವಾಟ್. ತಲಕಳಲೆ, ಗೇರುಸೊಪ್ಪೆ ಎರಡು ಜಲಾಶಯಗಳ ನಡುವೆ ಸುರಂಗ ಹಾಕಿ, ಬೇಡಿಕೆ ಕಡಿಮೆ ಇದ್ದಾಗ ನೀರು ಮೇಲೆತ್ತಿ, ಹೆಚ್ಚಿದ್ದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡೋದು. ಜಾಗ ಸಿಂಗಳೀಕಗಳ ಅಭಯಾರಣ್ಯದ ಕಾಡು.

ಇಲ್ಲಿ ನ್ಯಾಯವಾಗಿ ಮಾತಾಡೋಣ. ಸೂರ್ಯ, ಗಾಳಿಯಿಂದ ಬರೋ ವಿದ್ಯುತ್ತನ್ನ ಕೂಡಿಡೋಕೆ ಇಂಥ ಯೋಜನೆ ಬೇಕು ಅನ್ನೋ ವಾದ ಇದೆ, ಅದು ಸುಳ್ಳಲ್ಲ. ನೀರು ಮೇಲೆತ್ತೋಕೆ ಖರ್ಚಾಗೋ ವಿದ್ಯುತ್, ಇಳಿಸಿ ಸಿಗೋದಕ್ಕಿಂತ ಹೆಚ್ಚು ಅನ್ನೋದೂ ಸುಳ್ಳಲ್ಲ. ಲಾಭ ನಷ್ಟ ಎರಡೂ ಕಾಲಂ ತುಂಬಿದ ಮೇಲೆ ತಾನೇ ಬ್ಯಾಲೆನ್ಸ್? ಕುರ್ವೆಯಲ್ಲಿ ಕೂತ ನನ್ನ ಪ್ರಶ್ನೆಗಳು ಸಣ್ಣವು. ಕೆಳಗೆ ಬರೋ ಸಿಹಿನೀರಿನ ಹೊತ್ತು, ಪ್ರಮಾಣ ಬದಲಾದ್ರೆ ಉಪ್ಪುನೀರು ಎಲ್ಲೀವರೆಗೆ ಹತ್ತುತ್ತೆ? ನಮ್ಮ ಬಾವಿಗಳ ಗತಿ ಏನು? ಬಳಚು, ಮೀನಿನ ಗತಿ ಏನು? ಇದನ್ನ ಅಳೆದಿದ್ದಾರಾ, ಅಳೆದಿದ್ರೆ ವರದಿಯ ಯಾವ ಪುಟದಲ್ಲಿದೆ? "ಪ್ರಕೃತಿ ಮಾತೆಯ ಶಾಪ ತಟ್ಟುತ್ತೆ" ಅಂತ ಬರೆದ್ರೆ ಯಾರೂ ಉತ್ತರ ಕೊಡ್ಬೇಕಾಗಿಲ್ಲ. "ಯಾವ ಪುಟದಲ್ಲಿದೆ?" ಅಂತ ಕೇಳಿದ್ರೆ ಕೊಡ್ಬೇಕಾಗುತ್ತೆ.

8/10

ಇದರಿಂದ ಎಲ್ಲಾದ್ರೂ ಏನಾದ್ರೂ ಆಗಿದ್ಯಾ? ಆಗಿದೆ, ದೂರದಲ್ಲೇನಲ್ಲ.

ಫೋಟೋ ಕುಮಟಾದ ಅಘನಾಶಿನಿ ಅಳಿವೆಯದ್ದು. ಅಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರೋ ಪ್ರಸ್ತಾಪ ಇತ್ತು. ಬಳಚು ಹೆಕ್ಕೋರು, ಮೀನುಗಾರರು, ಕಗ್ಗ ಭತ್ತ ಬೆಳೆಯೋ ಗಜನಿ ಗದ್ದೆಯವರು ಬೇಡ ಅಂದ್ರು. ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಆ ಅಳಿವೆಯ ಜೀವವೈವಿಧ್ಯ, ಅದರಿಂದ ನಡೆಯೋ ಬದುಕನ್ನ ದಾಖಲೆ ಮಾಡಿದ್ರು. ಯೋಜನೆ ಅಲ್ಲಿಗೆ ಬರಲಿಲ್ಲ. 2024ರ ಜನವರಿಯಲ್ಲಿ ಅದೇ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಬೂದಿ ಗುಡ್ಡೆ ಆಗ್ಬೇಕಿದ್ದ ಜಾಗ ಇವತ್ತು ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದು.

ಘಟ್ಟ ಹತ್ತಿದ್ರೆ ಶಿರಸಿ. 1983ರ ಸೆಪ್ಟೆಂಬರ್ 8ಕ್ಕೆ ಸಾಲ್ಕಣಿ ಕಡೆಯವರು ಕಾಡಿಗೆ ಹೋಗಿ, ಕಡಿಯೋಕೆ ಗುರುತು ಹಾಕಿದ ಮರಗಳನ್ನ ಅಪ್ಪಿಕೊಂಡ್ರು. ಅಪ್ಪಿಕೋ ಚಳವಳಿ ಅಂತ ಶಾಲೇಲಿ ಎರಡು ಸಾಲು ಓದಿದ್ದೇವಲ್ಲ, ಅದು. ಅದರಲ್ಲಿ ಮುಂದಿದ್ದವರು ಊರಿನ ಯುವಕ ಮಂಡಳಿಯ ಹುಡುಗರು. ಮರ ಅಪ್ಪೋದಕ್ಕೆ ಮೊದಲು ಅವರು ಇಲಾಖೆಗೆ ಅರ್ಜಿ ಬರೆದಿದ್ರು. ಫೋಟೋದಲ್ಲಿ ಅಪ್ಪುಗೆ ಕಾಣುತ್ತೆ, ಅರ್ಜಿ ಕಾಣಲ್ಲ.

ಎಲ್ಲಾ ಕಡೆ ಗೆದ್ದಿದ್ದಾರೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಟೊಂಕದವರು ಅರ್ಜಿ ಕೊಟ್ರು, ಕೋರ್ಟಿಗೆ ಹೋದ್ರು, ರಸ್ತೆಗೂ ಇಳಿದ್ರು, ಇವತ್ತಿಗೂ ನೆಮ್ಮದಿ ಇಲ್ಲ. ಕೈಗಾಕ್ಕೆ ವಿರೋಧ ಮಾಡಿದವರಲ್ಲಿ ಶಿವರಾಮ ಕಾರಂತರಂಥವರೇ ಇದ್ರು, ಸ್ಥಾವರ ನಿಂತಿತು. ಕಾಗದ ಹಿಡಿದವರೆಲ್ಲ ಗೆಲ್ಲೋದಿಲ್ಲ. ಆದ್ರೆ ಗೆದ್ದ ಕಡೆಯೆಲ್ಲ ಯಾರೋ ಕಾಗದ ಹಿಡಿದಿದ್ರು. ಸೋತ ಕಡೆಯೂ ಆ ಕಾಗದ ಉಳಿಯುತ್ತೆ. ಮುಂದೆ ಯಾರಾದ್ರೂ "ಯಾರೂ ಏನೂ ಹೇಳಿರಲಿಲ್ಲ" ಅಂದ್ರೆ, ಹೇಳಿದ್ರು ಅಂತ ತೋರಿಸೋಕೆ.

9/10

ಇನ್ನೊಂದು ಮಾತು, ಇದು ಸ್ವಲ್ಪ ಕಹಿ.

"ಮೇಲಿನವರು ಕೆಟ್ಟವರು, ನಮ್ಮೂರಿನವರು ಒಳ್ಳೆಯವರು" ಅಂತ ಅಂದ್ಕೊಂಡ್ರೆ ಅದೂ ಒಂದು ವಾಯ್ಸ್ ನೋಟ್ ತರಾನೇ. ಊರಲ್ಲೂ ದೊಡ್ಡವರಿದ್ದಾರೆ. ಗ್ರಾಮಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಯಾರಿಗೆ, ಹಿಂದೆ ಗೋಡೆಗೆ ಒರಗಿ ನಿಲ್ಲೋರು ಯಾರು ಅಂತ ಒಂದು ಸಲ ನೋಡಿ. ಯಾವ ಕೇರಿಗೆ ರಸ್ತೆ ಮೊದಲು ಹೋಯ್ತು, ಯಾವ ಕೇರಿಗೆ ಕೊನೆಗೆ ಅಂತ ಪಟ್ಟಿ ಮಾಡಿ. ಹೆಂಗಸರು ಸದಸ್ಯರಾಗಿದ್ದ ಕಡೆ ಮಾತಾಡೋರು ಅವರಾ, ಅವರ ಗಂಡಂದಿರಾ ಅಂತ ಕಿವಿ ಕೊಡಿ.

ನಮ್ಮ ಜಿಲ್ಲೆಯ ಒಂದು ಹಳೇ ಕಥೆ ನನಗೆ ಇದಕ್ಕೇ ಇಷ್ಟ. 1930ರ ಏಪ್ರಿಲಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು, ಅದು ಎಲ್ಲರಿಗೂ ಗೊತ್ತು. ಆಮೇಲೆ ಅಂಕೋಲೆ, ಸಿದ್ದಾಪುರ ಕಡೆ ಕರನಿರಾಕರಣೆ. ತೆರಿಗೆ ಕೊಡಲ್ಲ ಅಂದವರ ಜಮೀನನ್ನ ಸರ್ಕಾರ ಮುಟ್ಟುಗೋಲು ಹಾಕಿ ಹರಾಜು ಮಾಡ್ತು. ಕೊಂಡವರು ಬ್ರಿಟಿಷರಲ್ಲ, ನಮ್ಮವರೇ. ಆಗ ಸಿದ್ದಾಪುರದ ಹೆಂಗಸರು ಏನು ಮಾಡಿದ್ರು ಅಂದ್ರೆ, ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತ್ರು. ಅವರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕ ಇದೆ. ಜೋಗಕ್ಕೆ ಹೋಗುವಾಗ ನಾವು ಸೆಲ್ಫಿ ತೆಗೆಯೋಕೆ ಅವಸರ ಮಾಡ್ತಾ ದಾಟಿ ಹೋಗೋ ಜಾಗ ಅದು.

ಲಂಡನ್ನಿನ ಸಾಮ್ರಾಜ್ಯವನ್ನ ಬೈಯೋದು ಆ ಕಾಲದಲ್ಲೂ ಸುಲಭ ಇತ್ತೇನೋ. ಕಷ್ಟ ಆಗಿದ್ದು ಗುರುತಿದ್ದವರ ಮನೆ ಅಂಗಳದಲ್ಲಿ, ಮುಖ ನೋಡ್ಕೊಂಡು ಕೂರೋದು. ಊರಿನ ಕೆಲಸ ಅಂದ್ರೆ ಇದೇ ಕಷ್ಟ. ನಾಳೆ ಅದೇ ಮನುಷ್ಯನ ಅಂಗಡಿಯಲ್ಲಿ ಸಕ್ಕರೆ ತರಬೇಕು, ಅವರ ಮಗಳ ಮದುವೆಗೆ ಹೋಗ್ಬೇಕು. ಅದಕ್ಕೇ ಪ್ರಶ್ನೆ ಗಟ್ಟಿ ಇರಲಿ, ಮಾತು ಮೆತ್ತಗಿರಲಿ. "ಅಣ್ಣಾ, ಈ ಬಿಲ್ಲಿನ ನಕಲು ಒಂದು ಸಿಗಬಹುದಾ?" ಅನ್ನೋಕೆ ಯಾರ ಮೇಲೂ ಕೂಗಬೇಕಾಗಿಲ್ಲ.

10/10

ಕೊನೆಗೆ ನಾವೇನು ಮಾಡಿದ್ವಿ ಅಂತ. ದೊಡ್ಡದೇನಲ್ಲ.

ಅಜ್ಜಿ ಬಿದ್ದ ವಾರ ನಾನು ಅದೇ ನಾಲ್ಕು ಗ್ರೂಪಿಗೆ ತಪ್ಪಾಯ್ತು ಅಂತ ಬರೆದೆ. ಒಬ್ಬರು ಬೈದ್ರು. ಉಳಿದವರು ಸುಮ್ಮನಿದ್ರು, ಅದು ಬೈಗುಳಕ್ಕಿಂತ ಭಾರ ಆಗಿತ್ತು. ಆಮೇಲೆ ನಾವು ನಾಲ್ಕು ಜನ ಒಂದು ನಿಯಮ ಮಾಡ್ಕೊಂಡ್ವಿ. ಮಳೆಗಾಲ ಮುಗಿಯೋವರೆಗೆ ದಿನಾ ಸಂಜೆ ಏಳಕ್ಕೆ ನಾಲ್ಕು ಸಾಲು: ಲಿಂಗನಮಕ್ಕಿ ಮಟ್ಟ ಇವತ್ತು ಎಷ್ಟು. ನೀರು ಬಿಟ್ಟಿದ್ದಾರಾ, ಎಷ್ಟು. ಸಮುದ್ರದಲ್ಲಿ ಭರತ ಎಷ್ಟು ಹೊತ್ತಿಗೆ. ನಮ್ಮ ಧಕ್ಕೆಯ ಕಲ್ಲಿಗೆ ನೀರು ಎಲ್ಲಿಗೆ ಮುಟ್ಟಿದೆ, ಫೋಟೋ ಸಮೇತ. ಭರತದ ಹೊತ್ತು ಯಾಕೆ ಅಂದ್ರೆ, ಮೇಲಿಂದ ನೀರು ಬಿಟ್ಟಾಗ ಸಮುದ್ರವೂ ಏರಿದ್ರೆ ಹೊಳೆ ನೀರು ಹೊರಗೆ ಹೋಗೋಕೆ ಜಾಗ ಇಲ್ಲದೆ ನಮ್ಮ ಕಡೆ ಹತ್ತುತ್ತೆ. ಇದು ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಅಜ್ಜಿ ಹೇಳಿಕೊಟ್ಟಿದ್ದು.

ಮೊದಲ ವಾರ ಯಾರೂ ನೋಡಲಿಲ್ಲ. ಮೂರನೇ ವಾರ ಒಂದು ದಿನ ಎಂಟಾದ್ರೂ ಹಾಕಿರಲಿಲ್ಲ, ಎರಡು ಮನೆಯಿಂದ ಫೋನ್ ಬಂತು: "ತಂಗಿ, ಇವತ್ತು ನೀರಿನ ಲೆಕ್ಕ ಎಲ್ಲಿ?" ನಾನು ಇಷ್ಟು ವರ್ಷ ಹಾಕಿದ ಯಾವ ಸಿಟ್ಟಿನ ಸ್ಟೋರಿಗೂ ಯಾರೂ ಹಾಗೆ ಫೋನ್ ಮಾಡಿರಲಿಲ್ಲ.

ಈಗ ನಿಮ್ಮ ಸರದಿ. ಎಲ್ಲಾ ಮಾಡಬೇಡಿ, ಈ ತಿಂಗಳು ಒಂದು ಮಾಡಿ:

• ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ಯಾ ನೋಡಿ.
• ನಿಮ್ಮ ಪಂಚಾಯ್ತಿಯ ಈ ವರ್ಷದ ಕ್ರಿಯಾಯೋಜನೆ ತೆಗೆದು, ನಿಮ್ಮ ಕೇರಿಯ ಒಂದೇ ಒಂದು ಕಾಮಗಾರಿ ಓದಿ.
• ಆ ಒಂದಕ್ಕೆ ಅಳತೆ ಪುಸ್ತಕದ ನಕಲು ಕೇಳಿ. 150 ಪದದೊಳಗೆ, 10 ರೂಪಾಯಿ.
• ಮುಂದಿನ ವಾರ್ಡ್ ಸಭೆಗೆ ಹೋಗಿ, ಬರುವಾಗ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಸಾಧ್ಯವಾದ್ರೆ ಗೋಡೆಗೆ ಒರಗಿ ನಿಲ್ಲೋರನ್ನ.
• ಫಾರ್ವರ್ಡ್ ಮಾಡೋ ಮೊದಲು ಅಜ್ಜಿ ಪ್ರಶ್ನೆ ಕೇಳ್ಕೊಳ್ಳಿ: ಹೊಳೆ ನೋಡಿ ಹೇಳ್ತಿದ್ದೀಯಾ, ಮೊಬೈಲ್ ನೋಡಿಯಾ?

ದೊಡ್ಡವರನ್ನ ನಂಬಬೇಡಿ, ತೊಂದರೆ ಇಲ್ಲ. ನಾನೂ ನಂಬಲ್ಲ. ಈ ಸರಣಿಯಲ್ಲಿ ನಾನು ಬರೆದಿದ್ದನ್ನೂ ಸುಮ್ಮನೆ ನಂಬಬೇಡಿ, ತೆಗೆದು ನೋಡಿ. ತಪ್ಪಿದ್ರೆ ಕಾಮೆಂಟಲ್ಲಿ ಹೇಳಿ, ತಿದ್ದಿಕೊಳ್ತೇನೆ.

ಅರ್ಜಿ ಬರೆಯೋಕೆ ಹೆದರಿಕೆ ಆದ್ರೆ ಡಿಎಂ ಮಾಡಿ. ನಾನು ಬರೆದ ಮೊದಲ ಅರ್ಜಿಯ ಕಚ್ಚಾ ಪ್ರತಿ ಇದೆ, ಕಳಿಸ್ತೇನೆ. ಅದರಲ್ಲೂ ಮೂರು ತಪ್ಪಿತ್ತು.

ಅಜ್ಜಿ ಕೈ ಈಗ ಪರವಾಗಿಲ್ಲ. ಕೊಡಪಾನ ಮಾತ್ರ ಎತ್ತೋಕಾಗಲ್ಲ, ಅದು ನನ್ನ ಪಾಲಿಗೆ ಬಂದಿದೆ.

#ಮಾವಿನಕುರ್ವೆ #ಹೊನ್ನಾವರ #ಶರಾವತಿ #ಗ್ರಾಮಸಭೆ #ಮಾಹಿತಿಹಕ್ಕು #ಲೆಕ್ಕಕೇಳೋಣ